ಒಣ ಕುಂಚದ ಗುಣಧರ

ನನ್ನ ಹೆಸರು ಗುಣಧರ್ ಚಿತ್ರಕರ್. ಗುಣವನ್ನು ಧರಿಸಿದವನು ಎಂದರ್ಥ. ಅಪ್ಪ ಇಟ್ಟ ಹೆಸರು. ಹುಟ್ಟಿ ಆರು ದಿನವಾದ ಕೂಸಿನ ಮುಖ ನೋಡಿ ಅವನಿಗಾದರೂ ಏನು ತಿಳಿದೀತು, ಪಾಪ! ನಮ್ಮ ಜನಕ್ಕೆ ಇನ್ನೊಂದು ಹೆಸರೂ ಇರುತ್ತದೆ, ಮಸೀದಿಯಲ್ಲಿ ಕರೆಯಲು. ಬೆಳಿಗ್ಗೆ ದೇವಿಯ ಪಟ ಬರೆದು ಮಧ್ಯಾಹ್ನ ನಮಾಜಿಗೆ ಹೋಗುವವರು ನಾವು, ಒಂದು ಹೆಸರು ಸಾಲುವುದಿಲ್ಲ. ಆದರೆ ಸುತ್ತಲಿನ ಸಂತಾಲರ ಊರುಗಳಲ್ಲಿ ಈ ಎರಡು ಹೆಸರೂ ಯಾರಿಗೂ ಬೇಡ. ಅಲ್ಲಿ ನಾನು ಬರೀ ಜಾದೂ, ಪಟದವರನ್ನು ಅವರು ಕರೆಯುವುದೇ ಹಾಗೆ.

ಭಾಷೆಗಳು ನನಗೆ ಐದು ಬರುತ್ತವೆ. ಮನೆಯಲ್ಲಿ ಬಂಗಾಳಿ, ಸಂತೆಯಲ್ಲಿ ಖೋರ್ಠಾ, ಕಚೇರಿಯಲ್ಲಿ ಹಿಂದಿ, ದೇವರ ಮುಂದೆ ಅರ್ಥ ಗೊತ್ತಿಲ್ಲದ ಅರಬ್ಬಿ, ಸತ್ತವರ ಮನೆಯಲ್ಲಿ ಸಂತಾಲಿ. ಕೇಳುವವರಿಗೆ ದೊಡ್ಡ ಪಂಡಿತನಂತೆ ಕಾಣುತ್ತೇನೆ. ಈ ಐದರಲ್ಲಿ ಯಾವುದರಲ್ಲೂ ನಾನು ಹೆಂಡತಿಯೊಡನೆ ಒಂದು ಜಗಳ ಗೆದ್ದವನಲ್ಲ.

ನಮ್ಮ ಕಸುಬು ಇಷ್ಟೇ. ಸಂತಾಲರ ಮನೆಯಲ್ಲಿ ಯಾರಾದರೂ ತೀರಿಕೊಂಡರೆ ಅವರ ಪಟ ಬರೆದುಕೊಂಡು ಹೋಗುವುದು. ಪಟದಲ್ಲಿ ಎಲ್ಲವೂ ಇರುತ್ತದೆ, ಕಣ್ಣಿನ ಗುಡ್ಡೆ ಮಾತ್ರ ಇರುವುದಿಲ್ಲ. ಅಂಗಳದಲ್ಲಿ ನಿಂತು ಹಾಡಬೇಕು: ನಿಮ್ಮವನು ಹಾನಾಪುರಿಯಲ್ಲಿ, ಅಂದರೆ ಆ ಲೋಕದಲ್ಲಿ, ಕುರುಡನಾಗಿ ಅಲೆಯುತ್ತಿದ್ದಾನೆ, ಮರಕ್ಕೆ ಹಣೆ ಬಡಿಯುತ್ತಿದೆ, ನೀರಿನ ದಾರಿ ಕಾಣುತ್ತಿಲ್ಲ, ಅವನಿಗೆ ಕಣ್ಣು ಕೊಡಿ. ಮನೆಯವರು ಅಕ್ಕಿಯನ್ನೋ ಕೋಳಿಯನ್ನೋ ಬಟ್ಟಲನ್ನೋ ಮುಂದಿಡುತ್ತಾರೆ. ಅವರೆದುರೇ ಸತ್ತವನ ಹೆಸರು ಹೇಳಿ ನಾನು ಕುಂಚದ ತುದಿಯಿಂದ ಗುಡ್ಡೆ ಇಡುತ್ತೇನೆ. ಸತ್ತವನಿಗೆ ದಾರಿ ಕಾಣುತ್ತದೆ, ನನ್ನ ಮನೆಯಲ್ಲಿ ಒಲೆ ಹೊತ್ತುತ್ತದೆ. 'ಕಣ್ಣು ಕೊಡುವವನ ಕುಂಚ ಒದ್ದೆಯಾಗಿರಬೇಕು, ಗಂಟಲು ಒಣಗಿರಬೇಕು' ಎಂದು ಅಪ್ಪ ಹೇಳುತ್ತಿದ್ದ. ಕುಡಿದು ಹೋಗಬೇಡ ಎಂಬುದು ಅದರ ಅರ್ಥ. ನಾನು ಕುಡಿಯಲಿಲ್ಲ. ಆದರೆ ಅವನ ಮಾತಿನ ಮೊದಲರ್ಧವನ್ನೇ ಮುರಿದೆ.

ಆರು ವರ್ಷದ ಹಿಂದೆ ಕುರುಮ್‌ಡೀಹ್‌ನಲ್ಲಿ ಸಿಂಗ್ರಾಯ್ ಮುರ್ಮು ಎಂಬವನು ತೀರಿಕೊಂಡ. ಪಟ ಬರೆದುಕೊಂಡು ಹೋದೆ. ಕೆಂಪು ಧೋತರ, ಕೈಯಲ್ಲಿ ಹುಕ್ಕಾ, ಪಕ್ಕದಿಂದ ಕಾಣುವ ಮುಖ, ಮೀಸೆ. ನಾನು ಸಿಂಗ್ರಾಯ್‌ನನ್ನು ಕಂಡೇ ಇರಲಿಲ್ಲ. ಅದೇನೂ ಅಡ್ಡಿಯಲ್ಲ, ಎಲ್ಲ ಗಂಡಸರಿಗೂ ನಾನು ಬರೆಯುವುದು ಒಂದೇ ಮೀಸೆ. ಮಗ ಹೊಲಕ್ಕೆ ಹೋಗಿದ್ದ, ಹೆಂಡತಿ ಪಾನ್‌ಮುನಿ ಅಂಗಳದಲ್ಲಿ ಒಬ್ಬಳೇ ಕೂತಿದ್ದಳು. ಕಣ್ಣುಗಳು ಆಗಲೇ ಪೊರೆ ಬಂದು ಬೆಳ್ಳಗಾಗಿದ್ದವು. ನಾನು ಹಾಡನ್ನು ಒಂದು ಸಾಲೂ ಬಿಡದೆ ಹಾಡಿದೆ. ಹಾಡುವಾಗ ನನ್ನ ದೃಷ್ಟಿ ಬಾಗಿಲ ಒಳಗಿನ ಕಂಚಿನ ಬಟ್ಟಲ ಮೇಲಿತ್ತು. ಮುದುಕಿ ತಡಕಾಡುತ್ತ ಒಳಗೆ ಹೋಗಿ, ತಡಕಾಡುತ್ತ ಹೊರಗೆ ಬಂದು, ನನ್ನ ಕೈಗೆ ಒಂದು ಕುಂಬಳಕಾಯಿ ಕೊಟ್ಟಳು.

ನನಗೆ ಪಿತ್ತ ನೆತ್ತಿಗೇರಿತು. ಅಪ್ಪನ ಕಾಲದಲ್ಲಿ ಸತ್ತವನು ಉಣ್ಣುತ್ತಿದ್ದ ಬಟ್ಟಲನ್ನೇ ತಂದಿಡುತ್ತಿದ್ದರು. ಎರಡು ಹರದಾರಿ ನಡೆದು ಬಂದು, ಗಂಟಲು ಹರಿದುಕೊಂಡು ಹಾಡಿದ್ದಕ್ಕೆ ಕುಂಬಳಕಾಯಿಯೇ! ಹೇಗೂ ಅವಳಿಗೆ ಕಾಣದು, ಸುತ್ತ ಬೇರೆ ಯಾರೂ ಇಲ್ಲ. ಕುಂಚವನ್ನು ಶಾಯಿಗೆ ಅದ್ದದೆ, ಒಣಗಿದ್ದನ್ನೇ ಕಣ್ಣಿನ ಜಾಗಕ್ಕೆ ಒತ್ತಿದೆ.

"ಕೊಟ್ಟೆ ತಾಯಿ, ನಿನ್ನ ಗಂಡನಿಗೆ ಈಗ ದಾರಿ ಕಾಣ್ತಿದೆ" ಎಂದೆ.

ಅವಳು ಪಟವನ್ನು ತೆಗೆದುಕೊಂಡು ಮುಖದ ಮೇಲೆ ಬೆರಳಾಡಿಸಿದಳು. "ಆಯ್ತಾ?" ಎಂದಳು.

"ಆಯ್ತು."

"ಸರಿ" ಎಂದು ಮಡಿಚಿ ಸೊಂಟಕ್ಕೆ ಸಿಕ್ಕಿಸಿಕೊಂಡಳು.

ಆ ಕುಂಬಳಕಾಯಿ ಸಕ್ಕರೆಯಷ್ಟು ಸಿಹಿಯಾಗಿತ್ತು. ಹುಳುಕಾಗಿದ್ದರೆ ನನ್ನ ಮನಸ್ಸಿಗೆ ಎಷ್ಟೋ ಸಮಾಧಾನವಿರುತ್ತಿತ್ತು.

ಸತ್ತವರು ಕುರುಡರಾಗಿ ಅಲೆಯುತ್ತಾರೆಂದು ನಾನು ನಂಬುತ್ತೇನೆಯೇ ಎಂದು ನೀವು ಕೇಳಬಹುದು. ಮಿಠಾಯಿ ಮಾರುವವನಿಗೆ ಮಿಠಾಯಿ ಸೇರುತ್ತದೆಯೇ? ಅದೊಂದು ಹೊಟ್ಟೆಪಾಡು ಎಂದುಕೊಂಡು ಆರು ವರ್ಷ ನೆಮ್ಮದಿಯಾಗಿ ಗೊರಕೆ ಹೊಡೆದೆ.

ಈ ಸಲ ಭತ್ತದ ಕೊಯ್ಲಿನ ಹೊತ್ತಿಗೆ, ಮಂಗಳವಾರದ ಸಂತೆಯಲ್ಲಿ ಪಾನ್‌ಮುನಿಯ ಮಗ ಭಗ್ರಾಯ್ ಕಣ್ಣಿಗೆ ಬಿದ್ದ. ತಲೆ ನುಣ್ಣಗೆ ಬೋಳಾಗಿತ್ತು. ಮೀಸೆಯೂ ಇರಲಿಲ್ಲ. ಓಹೋ, ಮುದುಕಿ ಹೋದಳು ಎಂದುಕೊಂಡೆ. ನಿಂತು ವಿಚಾರಿಸಬಹುದಿತ್ತಲ್ಲ ಎಂದರೆ, ಅದೇ ನಮ್ಮ ಕಸುಬಿನ ಫಜೀತಿ. ಜಾದೂ ಯಾರನ್ನೂ ಕೇಳುವಂತಿಲ್ಲ. ಸಾವಿನ ಸುದ್ದಿ ಅವನಿಗೆ ತಾನಾಗಿ ತಿಳಿಯಬೇಕು, ಸತ್ತವರೇ ಕನಸಿನಲ್ಲಿ ಬಂದು ಹೇಳಿದರು ಎನ್ನಬೇಕು. ಹಾಗಿದ್ದರೇ ಬೆಲೆ. ಆದ್ದರಿಂದ ಬೋಳು ತಲೆ ಕಂಡರೆ ನಾವು ಮುಖ ತಿರುಗಿಸಿಕೊಂಡು ಮನೆಗೆ ಓಡುತ್ತೇವೆ, ಬಣ್ಣ ಅರೆಯಲು.

ಮೂರನೇ ದಿನ ಕುರುಮ್‌ಡೀಹ್‌ನ ಬೀದಿಯ ಕೊನೇ ಮನೆಯ ಅಂಗಳದಲ್ಲಿ ನಿಂತು ಪಟ ಬಿಚ್ಚಿದೆ. ಕೆಂಪಂಚಿನ ಸೀರೆ, ಮುಡಿಯಲ್ಲಿ ಹೂವು, ಗುಡ್ಡೆಯಿಲ್ಲದ ಕಣ್ಣು. ದನಿ ಎತ್ತಿದೆ. "ತಾಯಿ ಕತ್ತಲಲ್ಲಿ ಅಲೆಯುತಿಹಳೋ, ಕಂಬಕ್ಕೆ ಹಣೆ ಬಡಿಯುತಿಹಳೋ..."

ಒಳಗಿನಿಂದ ಒಂದು ದನಿ ಬಂತು. "ಅಯ್ಯೋ ನಿಜ ಕಣೋ! ಬೆಳಿಗ್ಗೆ ತಾನೇ ಬಡ್ಕೊಂಡೆ! ನಿಂಗ್ಯಾರು ಹೇಳಿದ್ರು?"

ಪಾನ್‌ಮುನಿ ಬಾಗಿಲ ಚೌಕಟ್ಟು ಹಿಡಿದು ಹೊರಗೆ ಬಂದಳು. ಹಣೆಯ ಮೇಲೆ ನಿಂಬೆಹಣ್ಣಿನ ಗಾತ್ರ ಊದಿತ್ತು. ಹಿಂದೆಯೇ ಭಗ್ರಾಯ್ ಕುಡುಗೋಲು ಹಿಡಿದು ಬಂದ. ಅವನ ತಲೆ, ಮೀಸೆಯ ಜಾಗದ ತುಂಬ ಕಜ್ಜಿ, ಅದಕ್ಕೇ ಬೋಳಿಸಿಕೊಂಡು ಅರಿಸಿನ ಮೆತ್ತಿಕೊಂಡಿದ್ದ.

"ನಮ್ಮವ್ವ ಬದುಕಿದಾಳೆ, ನೀನು ಪಟ ತಂದಿದೀಯಾ? ಯಾರು ಹೇಳಿದ್ರು ಸತ್ಲು ಅಂತ?"

"ನಿನ್ನ ತಲೆ ಹೇಳ್ತು ಮಹರಾಯ" ಎಂದೆ. ಸುಳ್ಳಿನ ಕಸುಬಿನವನ ಬಾಯಲ್ಲಿ ಒಂದೇ ಒಂದು ಸಲ ನಿಜ ಬಂದರೂ ಅದು ಹೊಡೆತಕ್ಕೇ ದಾರಿ.

ಊರು ಸೇರಿತು. ಮಾಂಝಿ, ಅಂದರೆ ಊರಿನ ಯಜಮಾನ, ಮರದ ಕೆಳಗೆ ಕೂತ. ಬದುಕಿರುವ ಹೆಂಗಸಿನ ಕಣ್ಣಿಲ್ಲದ ಪಟ ತರುವುದೆಂದರೆ ಸಣ್ಣ ತಪ್ಪೇನಲ್ಲ. ಕೆಲವರು ಪಟ ಸುಡಬೇಕೆಂದರು. ಕೆಲವರು ಪಟದ ಜೊತೆ ಪಟದವನನ್ನೂ ಎಂದರು. ಆಗ ಪಾನ್‌ಮುನಿಯೇ ಬಾಯಿ ಹಾಕಿದಳು.

"ಸುಡೋದ್ಯಾಕೆ? ಚೀಲದಲ್ಲಿ ಇಟ್ಕೊಳ್ಳಲಿ, ಹೇಗೂ ಬೇಕಾಗುತ್ತೆ. ಇವನು ಕಣ್ಣು ಕೊಡೋವನು ತಾನೇ? ನಂಗೆ ಕೊಡಿಸ್ಲಿ. ರಾಮ್‌ಪುರ್‌ಹಾಟ್ ಕಡೆ ಕಣ್ಣಿನ ಶಿಬಿರ ಹಾಕ್ತಾರಂತೆ, ಪೊರೆ ತೆಗೀತಾರಂತೆ. ನನ್ನ ಮಗನಿಗೆ ಕೊಯ್ಲು ಬಿಟ್ಟು ಬರೋಕಾಗಲ್ಲ. ಬಂಗಾಳಿ, ಹಿಂದಿ ಎಲ್ಲ ಇವನಿಗೆ ಬರುತ್ತೆ. ಇವನೇ ಕರ್ಕೊಂಡ್ಹೋಗ್ಲಿ."

ಮಾಂಝಿ ತಲೆಯಾಡಿಸಿದ. ಬದುಕಿಕೊಂಡೆ ಎಂದು ನಾನು ಬೆವರೊರೆಸಿಕೊಳ್ಳುವಷ್ಟರಲ್ಲಿ ಅವಳು ಸೊಂಟದಿಂದ ಒಂದು ಕಾಗದದ ಮಡಿಕೆ ತೆಗೆದು ಸವರಿದಳು.

"ನೀನು ಬರ್ಕೊಟ್ಟ ನನ್ನ ಗಂಡನ ಪಟ. ಯಾರಿಗೂ ಬಿಚ್ಚಿ ತೋರ್ಸಿಲ್ಲ. ಮುಖ ಹೆಂಗೈತೋ ಒಂದಿನಾನೂ ನೋಡಿಲ್ಲ. ಕಣ್ಣು ಬಂದ ತಕ್ಷಣ ಮೊದಲು ಇವನನ್ನೇ ನೋಡ್ತೀನಿ."

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಾನು ಹೆಗಲು, ಬೆನ್ನು, ಕತ್ತು ಎಲ್ಲ ಮುಟ್ಟಿ ನೋಡಿಕೊಂಡೆ. ಇಡೀ ಲೋಕದಲ್ಲಿ ನನ್ನ ಕಳ್ಳತನಕ್ಕೆ ಒಬ್ಬಳೇ ಒಬ್ಬಳು ಸಾಕ್ಷಿ, ಅವಳೂ ಕುರುಡಿ; ಈಗ ಅವಳ ಕಣ್ಣು ತೆರೆಸುವ ಕೆಲಸ ನನ್ನ ಕೊರಳಿಗೇ ಬಿತ್ತು.

ಅಂದು ಊಟಕ್ಕೆ ಕೂತಾಗ ಹೆಂಡತಿ ಮರ್ಜಿನಾಳಿಗೆ ಎಲ್ಲವನ್ನೂ ಹೇಳಿದೆ. ಅವಳು ಸೌಟು ಕೆಳಗಿಟ್ಟಳು.

"ಒಣ ಕುಂಚ ಒತ್ತಿ ಬಂದ್ಯಾ? ಆ ಕುಂಬಳಕಾಯಿನ ನಂಗೂ ತಿನ್ನಿಸಿದ್ಯಲ್ಲ!"

"ನೀನೇ ಎರಡು ಸಲ ಹಾಕಿಸ್ಕೊಂಡೆ."

"ನಂಗೇನು ಗೊತ್ತು ಅದು ಕುರುಡನ ಕಾಸು ಅಂತ? ಹೋಗಿ ಬಾಯಿಬಿಟ್ಟು ಹೇಳ್ಬಿಡು."

"ಹೇಳಿದ್ರೆ ಹತ್ತು ಊರಲ್ಲಿ ಯಾರೂ ಅಂಗಳಕ್ಕೆ ಸೇರಿಸಲ್ಲ. ಏನು ತಿಂತೀಯಾ?"

"ಇಷ್ಟು ದಿನ ತಿಂದಿದ್ದೇ ಕರಗಿಲ್ಲ ಬಿಡು" ಎಂದು ಎದ್ದುಹೋದಳು.

ಹೇಳುವ ಧೈರ್ಯ ನನಗಿರಲಿಲ್ಲ. ಬದಲಿಗೆ ಒಂದು ಉಪಾಯ ಹೊಳೆಯಿತು. ತೆಂಗಿನ ಚಿಪ್ಪಿನಲ್ಲಿ ದೀಪದ ಮಸಿ, ಬೇಲದ ಅಂಟು ಕಲಸಿ, ಕುಂಚದ ಜೊತೆ ಚೀಲಕ್ಕೆ ಹಾಕಿಕೊಂಡೆ. ಮುದುಕಿ ಕಣ್ಣು ಬಿಡುವ ಮೊದಲು ಒಂದು ಚುಕ್ಕೆ ಇಟ್ಟುಬಿಟ್ಟರೆ ಮುಗಿಯಿತು. ಒಂದೇ ಚುಕ್ಕೆ! ಸಾಸಿವೆಯಷ್ಟು!

ಬಸ್ಸಿನಲ್ಲಿ ಅವಳು ನಿದ್ದೆ ಹೋದಳೆಂದು ಸೊಂಟದ ಮಡಿಕೆಗೆ ಮೆಲ್ಲಗೆ ಕೈ ಹಾಕಿದೆ.

"ಏನೋ ಅದು?" ಎಂದಳು, ಕಣ್ಣು ಮುಚ್ಚಿಕೊಂಡೇ.

"ಏನಿಲ್ಲ ಆಯೋ, ನೊಣ." ಆಯೋ ಎಂದರೆ ಅವರಲ್ಲಿ ಅವ್ವ.

"ನನ್ನ ಸೊಂಟದ ನೊಣ ನಾನೇ ಓಡಿಸ್ಕೋತೀನಿ. ನೀನು ಮುಂದೆ ನೋಡು."

ಮುಂದಿನ ಸೀಟಿನವರು ತಿರುಗಿ ನನ್ನನ್ನು ಮೇಲಿಂದ ಕೆಳಗೆ ನೋಡಿದರು. ಐವತ್ತೆರಡು ವರ್ಷದ ಬಾಳಿನಲ್ಲಿ ಇಂಥ ಗೌರವ ಎಂದೂ ಸಿಕ್ಕಿರಲಿಲ್ಲ.

ಶಿಬಿರ ಒಂದು ಶಾಲೆಯ ಕಟ್ಟಡದಲ್ಲಿ ನಡೆದಿತ್ತು. ಜಗಲಿಯ ಬೆಂಚಿನ ಮೇಲೆ ಹನ್ನೊಂದು ಸಂತಾಲ ಮುದುಕಿಯರು ಸಾಲಾಗಿ ಕೂತಿದ್ದರು. ಅವರಲ್ಲಿ ಯಾರಿಗೂ ಸಂತಾಲಿ ಬಿಟ್ಟು ಬೇರೆ ಮಾತು ಬಾರದು. ಡಾಕ್ಟರು ಪಟ್ನಾದವರು, ನರ್ಸಮ್ಮ ಕೇರಳದವಳು. ಅವಳ ಹಿಂದಿಯಲ್ಲಿ ದೋಣಿ ತೇಲಿದ ಹಾಗೆ ಒಂದು ಏರಿಳಿತ ಇತ್ತು. ಸಂತಾಲಿ ಬಲ್ಲ ಹುಡುಗಿ ಮದುವೆಗೆಂದು ರಜೆ ಹಾಕಿದ್ದಳು. ಹಾಗಾಗಿ ಎಲ್ಲರೂ ನನ್ನ ಕಡೆ ತಿರುಗಿದರು. ನಾನು ಎದೆಯುಬ್ಬಿಸಿದೆ.

ನರ್ಸಮ್ಮ ಹೇಳಿದಳು: "ಇವ್ರಿಗೆ ಹೇಳಿ, ಆಪರೇಷನ್ ಆಗೋವಾಗ ತಲೆ ಅಲ್ಲಾಡಿಸ್ಬಾರ್ದು. ಕೆಮ್ಮು ಬಂದ್ರೆ ಮೊದಲೇ ಹೇಳ್ಬೇಕು. ಲೈಟ್ ಕಡೇನೇ ನೋಡ್ತಿರ್ಬೇಕು."

ಕುರುಮ್‌ಡೀಹ್‌ನವರೊಡನೆ ಸಂತೆಯ ಖೋರ್ಠಾ ಬೆರೆಸಿ ಹೇಗೋ ದೂಡುತ್ತಿದ್ದೆ; ಕೇಳಿದರೆ ಅರ್ಥವಾಗುತ್ತಿತ್ತು, ಆದರೆ ಬಾಯಿಗೆ ಬರುವ ನನ್ನ ಸಂತಾಲಿಯೆಲ್ಲ ಅಪ್ಪ ಕಲಿಸಿದ ಸಾವಿನ ಹಾಡಿನದು ಎಂದು ಆಗ ತಿಳಿಯಿತು. ಅದರಲ್ಲಿ ಕೆಮ್ಮು ಇಲ್ಲ. ಸತ್ತವರು ಯಾಕೆ ಕೆಮ್ಮುತ್ತಾರೆ? ಉಪ್ಪು, ಚಪ್ಪಲಿ, ಬಸ್ಸು, ಹೊಟ್ಟೆನೋವು ಯಾವುದೂ ಇಲ್ಲ. ಇದ್ದಷ್ಟರಲ್ಲೇ ಹುಡುಕಿ ಜೋಡಿಸಿದೆ.

"ಎಲೈ ಹಾನಾಪುರಿಯತ್ತ ನಡೆವ ಮಾತೆಯೇ, ನಿನ್ನ ಶಿರವು ಶಿಲೆಯಂತಿರಲಿ. ದೂರದಿ ತೋರುವ ಜ್ಯೋತಿಯೊಳ್ ದೃಷ್ಟಿಯ ನೆಡು. ಮರಳಿ ಇತ್ತ ತಿರುಗದಿರು!"

ಬೆಂಚಿನ ಮೇಲೆ ಒಬ್ಬ ಮುದುಕಿ ಜೋರಾಗಿ ಅಳತೊಡಗಿದಳು. ಉಳಿದ ಹತ್ತು ಮಂದಿ ಪಕ್ಕೆ ಹಿಡಿದುಕೊಂಡು ನಕ್ಕರು.

"ಲೇ ಜಾದೂ" ಎಂದಳು ಪಾನ್‌ಮುನಿ, "ನನ್ನ ಕಣ್ಣಿಗೆ ಕರ್ಕೊಂಡ್ ಬಂದಿದೀಯೋ, ಮಣ್ಣಿಗೋ?"

"ಏನಂತಾರೆ?" ಎಂದು ನರ್ಸಮ್ಮ ಕೇಳಿದಳು.

"ಒಪ್ಕೊಂಡ್ರು" ಎಂದೆ.

ಗೋಡೆಗೊರಗಿ ಕೂತಿದ್ದ, ಎಲ್ಲರಿಗಿಂತ ಹಿರಿಯ ಮುದುಕಿಗೆ ಒಂದು ಕಣ್ಣು ಚೆನ್ನಾಗಿಯೇ ಕಾಣುತ್ತಿತ್ತು. ಅವಳೇ ನನ್ನನ್ನು ಹತ್ತಿರ ಕರೆದಳು. "ಸುಮ್ನಿರು ಅನ್ನೋಕೆ ಇಷ್ಟು ದೊಡ್ಡ ಪುರಾಣ ಯಾಕಪ್ಪಾ? ಹೇಳು ನನ್ ಜೊತೆ." ಎರಡು ತಾಸು ಪಾಠ ನಡೆಯಿತು. ಅಲ್ಲಾಡಬೇಡ, ನೋಯುತ್ತಾ, ಉಚ್ಚೆ ಬಂತಾ, ಗಂಜಿ ಕುಡೀತೀಯಾ. ಒಂದೊಂದು ಮಾತನ್ನೂ ನಾನು ತಪ್ಪಾಗಿ ಹೇಳಿದೆ, ಅವರು ನಕ್ಕು ತಿದ್ದಿದರು. ಮೂವತ್ತೈದು ವರ್ಷ ಈ ಜನರ ಅಂಗಳದಲ್ಲಿ ಉಂಡವನಿಗೆ, ಅವರಲ್ಲಿ ಬದುಕಿರುವವರೊಡನೆ ಆಡಲು ಒಂದು ಮಾತೂ ನೆಟ್ಟಗೆ ತಿಳಿದಿರಲಿಲ್ಲ. ಸತ್ತವರ ಪರಿಚಯ ಸಾಕೆಂದುಕೊಂಡಿದ್ದೆ. ನನಗೆ ನಾಚಿಕೆಯಾಯಿತು.

ಮಧ್ಯಾಹ್ನದ ಹೊತ್ತಿಗೆ ಪಾನ್‌ಮುನಿಯ ಸರದಿ ಬಂತು. ಒಳಗೆ ಹೋಗುವಾಗ ಸೊಂಟದ ಮಡಿಕೆ ತೆಗೆದು ತಾನಾಗಿಯೇ ನನ್ನ ಕೈಗಿಟ್ಟಳು. "ನಿನ್ನ ಕೆಲಸ, ನೀನೇ ಹಿಡ್ಕೋ" ಎಂದಳು.

ದೇವರಿದ್ದಾನೆ ಎಂದುಕೊಂಡೆ. ಬಾಗಿಲು ಮುಚ್ಚಿತು. ನಾನು ಬೆಂಚಿನ ತುದಿಗೆ ಕೂತು ಚಿಪ್ಪು ತೆಗೆದೆ, ಕುಂಚ ಅದ್ದಿದೆ, ಪಟ ಬಿಚ್ಚಿದೆ. ಸಿಂಗ್ರಾಯ್ ಹುಕ್ಕಾ ಹಿಡಿದು ಬಿಳಿಗಣ್ಣು ಬಿಟ್ಟುಕೊಂಡು ನಿಂತಿದ್ದ. ಆರು ವರ್ಷ ಸೊಂಟದಲ್ಲಿದ್ದು ಕಾಗದ ಅಂಚಿನಲ್ಲಿ ಬಟ್ಟೆಯಷ್ಟು ಮೆತ್ತಗಾಗಿತ್ತು. ಕುಂಚವನ್ನು ಇನ್ನೇನು ತಾಕಿಸಬೇಕು, ಕಿವಿಯ ಬಳಿ ದನಿ ಕೇಳಿಸಿತು.

"ಇವನಿಗೆ ಕಣ್ಣೇ ಇಲ್ವಲ್ಲೋ?" ಗೋಡೆಯ ಬಳಿಯ ಹಿರಿಯಳು ಬಗ್ಗಿ ನೋಡುತ್ತಿದ್ದಳು.

"ಐತೆ. ಮುಚ್ಕೊಂಡಿದಾನೆ."

"ಮನೆಯವರಿಲ್ದೆ, ಹಾಡಿಲ್ದೆ, ಹೆಸರು ಹೇಳ್ದೆ, ಬೆಂಚ್ ಮೇಲೆ ಕೂತು ಕಣ್ಣು ಕೊಡ್ತಾರಾ? ನಿಮ್ಮಪ್ಪ ಹಿಂಗೇ ಕಲಿಸಿದ್ನಾ?"

ಕೈ ನಿಂತಿತು. ಅವಳು ನೋಡಿದಳೆಂದೇ ನಿಂತಿತು, ಇಲ್ಲದಿದ್ದರೆ ಇಟ್ಟೇಬಿಡುತ್ತಿದ್ದೆ; ನನ್ನನ್ನು ದೊಡ್ಡವನನ್ನಾಗಿ ಮಾಡಿಕೊಳ್ಳಲಾರೆ. ಆದರೆ ನಿಂತ ಮೇಲೆ ಮತ್ತೆ ಏಳಲಿಲ್ಲ. ಒಂದು ಸಲ ಮೋಸ ಮಾಡಿದ್ದು ಪಾನ್‌ಮುನಿಗೆ ಕಾಣದಿದ್ದಾಗ. ಈಗ ಅದೇ ಮೋಸ, ಅವಳು ಕಣ್ಣಿಗೆ ಕತ್ತರಿ ಹಾಕಿಸಿಕೊಳ್ಳುತ್ತಿರುವಾಗ. ಪಟ ಮಡಿಚಿದೆ.

ಮರುದಿನ ಬೆಳಿಗ್ಗೆ ಬಿಸಿಲು ಜಗಲಿಗೆ ಬಂದ ಮೇಲೆ ನರ್ಸಮ್ಮ ಒಬ್ಬೊಬ್ಬರದೇ ಪಟ್ಟಿ ಬಿಚ್ಚುತ್ತ ಬಂದಳು. ಪಾನ್‌ಮುನಿ ಕಣ್ಣು ಪಿಳುಕಿಸಿದಳು. ನರ್ಸಮ್ಮ ಎತ್ತಿದ ಮೂರು ಬೆರಳನ್ನು ಮೂರು ಎಂದಳು. ತನ್ನ ಅಂಗೈ ತಿರುಗಿಸಿ ತಿರುಗಿಸಿ ನೋಡಿಕೊಂಡಳು. ಆಮೇಲೆ ನನ್ನ ಕಡೆ ನೋಡಿದಳು.

"ನೀನೇನಾ ಜಾದೂ? ದನಿ ಕೇಳಿ ಭಾರೀ ಆಳು ಅಂದ್ಕೊಂಡಿದ್ದೆ. ಒಣ ಮೀನಿನಂಗಿದೀಯಲ್ಲೋ!"

ಬೆಂಚಿಗೆ ಬೆಂಚೇ ನಕ್ಕಿತು. ಅವಳು ಕೈ ಚಾಚಿದಳು. "ಕೊಡು ಪಟ."

"ಆಯೋ, ಅದಕ್ಕೆ ಮುಂಚೆ ಒಂದ್ ಮಾತು..." ಎಂದೆ. ಮುಂದಿನ ಮಾತು ಬಂಗಾಳಿಯಲ್ಲಿ ಸಿಗಲಿಲ್ಲ, ಹಿಂದಿಯಲ್ಲಿ ಸಿಗಲಿಲ್ಲ, ನಿನ್ನೆ ಕಲಿತ ಸಂತಾಲಿಯಲ್ಲೂ ಸಿಗಲಿಲ್ಲ. ಅವಳೇ ನನ್ನ ಕೈಯಿಂದ ಪಟ ತೆಗೆದುಕೊಂಡು ತೊಡೆಯ ಮೇಲೆ ಬಿಡಿಸಿದಳು. ಕಣ್ಣಿನ ಜಾಗಕ್ಕೆ ಬೆರಳಿಟ್ಟಳು. ಬೈಗುಳ ಬರಲಿ, ಹೊಡೆತ ಬರಲಿ ಎಂದು ನಾನು ತಲೆ ತಗ್ಗಿಸಿದೆ.

"ಇವತ್ತು ಶಾಯಿ ತಂದಿದೀಯಾ?" ಎಂದಳು.

ನನಗೆ ಅರ್ಥವಾಗಲಿಲ್ಲ.

"ಅವತ್ತು ಕುಂಚ ಒಣಗಿತ್ತಲ್ಲ. ನಾನು ಮುಟ್ಟಿ ನೋಡಿದ್ನಲ್ಲ, ಬೆರಳಿಗೆ ತೇವಾನೇ ಹತ್ತಲಿಲ್ಲ."

"ಗೊತ್ತಿತ್ತಾ ಆಯೋ? ಗೊತ್ತಿದ್ದೂ ಆರು ವರ್ಷ ಸುಮ್ನಿದ್ಯಾ?"

"ಬಂದಿತ್ತು ಸಿಟ್ಟು, ಮೊದಲನೇ ವರ್ಷ. ಮಾಂಝಿಗೆ ಹೇಳಿದ್ರೆ ನಿನ್ನ ಕಾಲು ಮುರೀತಿದ್ದ. ಆಮೇಲೆ ನಂಗೂ ಪೂರ್ತಿ ಕತ್ಲೆ ಆಯ್ತು. ಅವನು ಅಲ್ಲಿ ತಡಕಾಡ್ತಾನೆ, ನಾನು ಇಲ್ಲಿ ತಡಕಾಡ್ತೀನಿ. ಒಂಥರಾ ಜೊತೇಲೇ ಇದ್ದಂಗಿತ್ತು ಕಣೋ. ಹೋಗ್ಲಿ ಬಿಡು ಅಂದ್ಕೊಂಡೆ." ಅವಳು ಪಟದ ಮುಖ ಸವರಿದಳು. "ಈಗ ನಂಗೊಬ್ಬಳಿಗೇ ಕಣ್ಣು ಬಂತು. ಅದು ನ್ಯಾಯ ಅಲ್ಲ. ಕೊಡು, ಅವನಿಗೂ."

ಚಿಪ್ಪು ತೆಗೆದೆ. ಮಸಿ ಒಣಗಿ ಬಿರುಕು ಬಿಟ್ಟಿತ್ತು. ನರ್ಸಮ್ಮನಿಗೆ ಏನು ತಿಳಿಯಿತೋ, ಲೋಟದಿಂದ ಎರಡು ತೊಟ್ಟು ನೀರು ಹಾಕಿ ಪಕ್ಕದಲ್ಲೇ ನಿಂತಳು. ನಾನು ಹಾಡು ಶುರುಮಾಡಿದೆ. ಸಾವಿರ ಸಲ ಹಾಡಿದ ಹಾಡು. ಮರಕ್ಕೆ ಹಣೆ ಬಡಿಯುತಿದೆ ಎಂಬಲ್ಲಿಗೆ ಬಂದಾಗ, ಆರು ವರ್ಷದಲ್ಲಿ ಅವನು ಎಷ್ಟು ಮರಕ್ಕೆ ಬಡಿದುಕೊಂಡನೋ ಎಂಬ ಯೋಚನೆ ಬಂದು ಅತ್ತುಬಿಟ್ಟೆ. ನಂಬದವನಿಗೆ ಅಳು ಯಾಕೆ ಬಂತೋ ನನಗೆ ಇಂದಿಗೂ ತಿಳಿಯದು. ನಾನು ನಿಲ್ಲಿಸಿದಲ್ಲಿಂದ ಬೆಂಚಿನವರು ಎತ್ತಿಕೊಂಡು ಮುಗಿಸಿದರು. ಸಿಂಗ್ರಾಯ್ ಮುರ್ಮು ಎಂದು ಹೆಸರು ಹೇಳಿ, ಕುಂಚ ಅದ್ದಿ, ಅವಳೆದುರೇ ಚುಕ್ಕೆ ಇಟ್ಟೆ. ನೀರು ಬೆರೆತ ಮಸಿ ತೆಳ್ಳಗಾಗಿ ಗುಡ್ಡೆ ಕಣ್ಣಿನ ಮೂಲೆಗೆ ಜಾರಿತು.

ಪಾನ್‌ಮುನಿ ಪಟವನ್ನು ಎತ್ತಿ ಹಿಡಿದಳು. "ಯಾರ್ ಕಡೆ ನೋಡ್ತಿದಾನೆ?"

"ನಿನ್ನ ಕಡೇನೇ ಆಯೋ" ಎಂದೆ.

ಅವಳು ಪಟ ನೋಡಿದಳು, ಆ ಕಣ್ಣು ಹೋದ ಕಡೆ ತಿರುಗಿ ನೋಡಿದಳು. ಅಲ್ಲಿ ನರ್ಸಮ್ಮ ಲೋಟ ಹಿಡಿದು ನಿಂತಿದ್ದಳು.

"ಮತ್ತೆ ಸುಳ್ಳು ಹೇಳ್ತೀಯಲ್ಲೋ! ಆ ಹುಡುಗಿ ಕಡೆ ನೋಡ್ತಿದಾನೆ" ಎಂದಳು. ಹೊಸ ಕಣ್ಣಿನಿಂದ ನೀರು ಕೆನ್ನೆಗೆ ಇಳಿಯುತ್ತಿತ್ತು. "ಇವನೇ ಕಣೋ. ನನ್ನ ಗಂಡನೇ."